ಕೈಬದಲಿನ ಭಾನುವಾರ

ಜುಲೈ ೪, ಮಂಗಳವಾರ

ಅಣ್ಣ ನನ್ನನ್ನು ಇಲ್ಲಿ ಇಳಿಸಿ ಹೋಗಿ ಮೂರು ದಿನವಾಯಿತು. ಗೇಟಿನ ಹತ್ತಿರ ಪೆಟ್ಟಿಗೆ ಇಟ್ಟು, "ನಿನಗೂ ಒಂದು ದಾರಿ ಆಯ್ತಲ್ಲ ಬಿಡು" ಎಂದ. ನನಗೆ ದಾರಿ ಆಯಿತೋ, ಅವನ ಮನೆಯಲ್ಲಿ ಒಂದು ರೂಮು ಖಾಲಿ ಆಯಿತೋ, ದೇವರಿಗೇ ಗೊತ್ತು. ಹೊರಡುವಾಗ ಅತ್ತಿಗೆ ಬಾಗಿಲವರೆಗೂ ಬರಲಿಲ್ಲ. ತಲೆನೋವಂತೆ. ಗಂಡನನ್ನು ಕಳೆದುಕೊಂಡು ನಾನು ಅವರ ಮನೆಗೆ ಬಂದ ದಿನ ಶುರುವಾದ ತಲೆನೋವು ಅದು. ಇಷ್ಟು ಹೊತ್ತಿಗೆ ವಾಸಿಯಾಗಿರುತ್ತದೆ.

ಇದು ಸಿಸ್ಟರುಗಳು ನಡೆಸುವ ಮಕ್ಕಳ ಮನೆ. ಕತ್ತು ನಿಲ್ಲದ, ಕೈಕಾಲು ಸೆಟೆದ, ಮಾತು ಬಾರದ ಮಕ್ಕಳು. ಕೆಲವರಿಗೆ ಹೆತ್ತವರಿದ್ದಾರೆ, ಬರುವುದು ಅಪರೂಪ. ನನಗೆ ಕೊಟ್ಟ ರೂಮಿನಲ್ಲಿ ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದರಂತೆ, ಗೋಡೆಗೆಲ್ಲ ಸೋಪಿನ ವಾಸನೆ ಹಿಡಿದಿದೆ. ಪಕ್ಕದಲ್ಲೇ ಬಟ್ಟೆ ಒಗೆಯುವ ಮೆಷಿನ್ನು ಗಡಗಡ ಎನ್ನುತ್ತದೆ. ಅದು ನಿಂತಾಗ ಇನ್ನೂ ಕಷ್ಟ. ಮಾತಾಡಲು ಯಾರೂ ಇಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಯಸ್ಸೆಲ್ಲ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿದವಳು ನಾನು. ಇಲ್ಲಿ ಎಲ್ಲರೂ ನನ್ನನ್ನು ಟೈಲರಮ್ಮ ಎನ್ನುತ್ತಾರೆ. ಮನೆ ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಮೊದಲ ದಿನವೇ ಒಂದು ಮಾತು ಹೇಳಿದರು. "ಟೈಲರಮ್ಮ, ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕೈಬದಲು. ನೀವು ಉಣಿಸೋ ಮಗು ಬೇರೆಯವರಿಗೆ, ಅವರ ಮಗು ನಿಮಗೆ. ಯಾವ ಮಗುಗೂ ಒಂದೇ ಕೈ ಅಭ್ಯಾಸ ಆಗಬಾರದು."

ಫ್ಯಾಕ್ಟರಿಯಲ್ಲೂ ಹೀಗೇ ಇತ್ತು. ಕಾಲರಿನವಳನ್ನು ತೋಳಿಗೆ ಹಾಕುವರು, ತೋಳಿನವಳನ್ನು ಗುಂಡಿಗೆ. ಆದರೆ ಅಲ್ಲಿ ಅಂಗಿಗೆ ಬೇಜಾರಾಗುತ್ತಿರಲಿಲ್ಲ. ನನಗೇನು, ಅಣ್ಣ ಕರೆದರೆ ನಾಳೆಯೇ ಹೊರಟೆ.

ಜುಲೈ ೮, ಶನಿವಾರ

ನನ್ನ ಪಾಲಿಗೆ ಬಂದ ಹುಡುಗಿಗೆ ಏಳು ವರ್ಷ. ನೋಡಿದರೆ ನಾಲ್ಕರವಳ ಹಾಗೆ ಕಾಣುತ್ತಾಳೆ. ಮೊನ್ನೆ ಮೊನ್ನೆ ಬಂದವಳು, ನನ್ನ ಹಾಗೇ. ಮೈಯೆಲ್ಲ ಬಿಗಿದ ಹಗ್ಗ, ಕಣ್ಣು ಮಾತ್ರ ಎಲ್ಲ ಕಡೆ ಓಡುತ್ತದೆ. ಒಂದು ಚಮಚ ಗಂಜಿ ಒಳಗೆ ಹೋಗಬೇಕಾದರೆ ಅಮ್ಮಣ್ಣಿಯವರ ಅಪ್ಪಣೆ ಬೇಕು. ದೊರೆಸಾನಿ ಎಂದು ಹೆಸರಿಟ್ಟಿದ್ದೇನೆ. ಈಗ ಅಡುಗೆಯವಳೂ ಹಾಗೇ ಕರೆಯುತ್ತಾಳೆ.

ಕತ್ತು ಹಿಂದಕ್ಕೆ ಬೀಳಬಾರದು, ಗಲ್ಲ ಸ್ವಲ್ಪ ಕೆಳಗಿರಬೇಕು, ಚಮಚವನ್ನು ನಾಲಿಗೆ ಮೇಲೆ ಮೆತ್ತಗೆ ಒತ್ತಿ ಕಾಯಬೇಕು. ಅವಸರ ಮಾಡಿದರೆ ಗಂಜಿ ಎದೆಗೆ ಹೋಗಿ ಮಗು ಉಳಿಯುವುದಿಲ್ಲ ಎಂದು ಸಿಸ್ಟರ್ ತೋರಿಸಿಕೊಟ್ಟರು. ನಾನು ಕಾದೆ. ಅವಳು ಉಗುಳಿದಳು. ಮತ್ತೆ ಕಾದೆ. ಮತ್ತೆ ಉಗುಳಿದಳು, ಈ ಸಲ ನನ್ನ ಕನ್ನಡಕದ ಮೇಲೆ. ಅದರ ಮೇಲೆ ಊಟದ ಮುಂಚಿನ ಪ್ರಾರ್ಥನೆ ಬೇರೆ. ಪ್ರಾರ್ಥನೆ ಉದ್ದವಾದಷ್ಟೂ ಗಂಜಿ ಗಟ್ಟಿಯಾಗುತ್ತದೆ, ಇದನ್ನು ಯಾರೂ ದೇವರಿಗೆ ಹೇಳಿಲ್ಲವೇ?

ಜುಲೈ ೧೬, ಭಾನುವಾರ

ಇವತ್ತು ಒಂದು ವಿಚಿತ್ರ ನಡೆಯಿತು.

ಎಲ್ಲರೂ ಚರ್ಚಿನ ಪೂಜೆಗೆ ಹೋಗಿದ್ದರು. ಅವಳಿಗೆ ಸ್ವಲ್ಪ ಶೀತ, ಹಾಗಾಗಿ ನಾವಿಬ್ಬರೇ ಉಳಿದೆವು. ಬಟ್ಟಲು ಹಾಗೇ ತುಂಬಿತ್ತು. ನನಗೆ ಬೆಳಿಗ್ಗೆಯಿಂದ ಮೈಯೆಲ್ಲ ಉರಿ, ಅಣ್ಣನಿಂದ ಒಂದು ಫೋನೂ ಇಲ್ಲ. ಯಾರೂ ಇಲ್ಲವಲ್ಲ ಎಂದು ಬಾಯಿಬಿಟ್ಟು ಅತ್ತಿಗೆಯನ್ನು ಬೈಯತೊಡಗಿದೆ. "ಅಲ್ಲ ಕಣೇ, ನಾನು ಕುಡಿದ ಲೋಟ ಬೇರೆ ಇಡ್ತಾಳಲ್ಲ, ನನಗೇನು ಕಜ್ಜಿನಾ? ನನ್ನ ಸೀರೆ ತಂತಿ ಮೇಲಿದ್ರೆ ಅವಳಿಗೆ ಗಾಳಿ ಬರಲ್ವಂತೆ! ಗಾಳಿಗೂ ನನ್ನ ಕಂಡ್ರೆ ಆಗಲ್ವಾ?"

ದೊರೆಸಾನಿ ನಕ್ಕಳು. ಗಂಟಲಿನಿಂದ ಗುಳುಗುಳು ಸದ್ದು, ಬಾಯಿ ಅಗಲ. ನಾನು ಚಮಚ ಇಟ್ಟೆ. ನುಂಗಿದಳು. ಬೈಗುಳ ನಿಲ್ಲಿಸಿದೆ, ಬಾಯಿ ಮುಚ್ಚಿತು. "ಕಳ್ಳೀ" ಎಂದು ಮತ್ತೆ ಶುರು ಮಾಡಿದೆ. ಬಟ್ಟಲು ತಳ ಕಂಡಿತು.

ಇಲ್ಲಿ ಎಲ್ಲರೂ ಇವಳ ಹತ್ತಿರ ಜೇನು ಸುರಿದ ಹಾಗೆ ಮಾತಾಡುತ್ತಾರೆ. ಪಾಪ, ಚಿನ್ನ, ಬಂಗಾರ. ಅವಳಿಗೆ ಅದೆಲ್ಲ ಸಾಕಾಗಿ ಹೋಗಿದೆ ಎಂದು ಕಾಣುತ್ತದೆ. ನಿಜವಾದ ಸಿಟ್ಟು ಕೇಳಿದರೆ ತಾನೂ ಮನೆಮಂದಿಯಲ್ಲಿ ಒಬ್ಬಳು ಎನಿಸುತ್ತದೋ ಏನೋ. ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ನನ್ನ ಮನೆಯ ವಿಷಯ ಊರಿಗೆಲ್ಲ ಯಾಕೆ?

ಜುಲೈ ೨೭, ಗುರುವಾರ

ದಾನ ಕೊಡುವವರು ಬಂದಿದ್ದರು. ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ, "ಇವರೆಲ್ಲ ದೇವರ ಮಕ್ಕಳು" ಎಂದಳು. ದೇವರ ಮಕ್ಕಳಾದರೆ ಒಂದು ದಿನ ದೇವರೇ ಬಂದು ಬಟ್ಟೆ ಒಗೆಯಲಿ ಎಂದುಕೊಂಡೆ. ಆಮೇಲೆ ಫೋಟೋಕ್ಕೆ ದೊರೆಸಾನಿಗೆ ಉಣಿಸುತ್ತೇನೆಂದು ಚಮಚ ಎತ್ತಿಕೊಂಡು, ಮಗುವಿನ ಕತ್ತು ಹಿಂದಕ್ಕೆ ಬಾಗಿಸಿದಳು. ನಾನು ಅವಳ ಕೈಯಿಂದ ಚಮಚ ಕಿತ್ತುಕೊಂಡೆ. ಹೆಂಗಸು ದಂಗಾದಳು. ದೊಡ್ಡ ಸಿಸ್ಟರ್ ನಗುತ್ತಾ ಅವಳನ್ನು ಹೊರಗೆ ಕರೆದುಕೊಂಡು ಹೋದರು.

ಸಂಜೆ ಕರೆದು ಬೈಯುತ್ತಾರೆ ಎಂದುಕೊಂಡಿದ್ದೆ. "ಒಳ್ಳೇದು ಮಾಡಿದ್ರಿ" ಎಂದರು. ಬಾಗಿಲಿನ ಹತ್ತಿರ ಹೋದ ಮೇಲೆ, "ಮುಂದಿನ ವಾರದ ಭಾನುವಾರ ಕೈಬದಲು, ನೆನಪಿದೆಯಲ್ಲ?" ಎಂದೂ ಕೇಳಿದರು. ನೆನಪಿಲ್ಲದೆ ಏನು. ರಾತ್ರಿ ಊಟ ಸೇರಲಿಲ್ಲ.

ಆಗಸ್ಟ್ ೬, ಭಾನುವಾರ

ಆಯಿತು. ದೊರೆಸಾನಿ ಈಗ ರೇಡಿಯೋ ಪಾಲು.

ರೇಡಿಯೋ ಎಂದರೆ ಇಲ್ಲಿನ ಹಳೆಯ ಆಯಾ. ಬೆಳಿಗ್ಗೆ ಎದ್ದರೆ ಮಲಗುವವರೆಗೆ ಬಾಯಿಗೆ ಬಿಡುವಿಲ್ಲ. ಅಡುಗೆಮನೆಯಲ್ಲಿ ಸೀದ ಪಾತ್ರೆಯಿಂದ ಹಿಡಿದು ಹಿಂದಿನ ರಸ್ತೆಯ ಜಗಳದವರೆಗೆ ಎಲ್ಲ ಸುದ್ದಿಯೂ ಅವಳಲ್ಲಿ ಸಿಗುತ್ತದೆ. ಈ ಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಮಾತಾಡಿಸುವವಳು ಅವಳೊಬ್ಬಳೇ, ಚಹಾ ಕುಡಿಯುವಾಗ ತನ್ನ ಪಕ್ಕದಲ್ಲಿ ಜಾಗ ಹಿಡಿದಿಟ್ಟಿರುತ್ತಾಳೆ. ಒಳ್ಳೆಯವಳೇ. ಆದರೆ ಮಾತೆಲ್ಲ ಪಕ್ಕದ ಮಂಚದ ಆಯಾಗಳ ಹತ್ತಿರ, ಮಗುವಿನ ಹತ್ತಿರ ಅಲ್ಲ.

ನನಗೆ ಬೇರೆ ಮಗು ಕೊಟ್ಟಿದ್ದಾರೆ. ಗಪಗಪನೆ ತಿನ್ನುತ್ತದೆ. ಊಟ ಮುಗಿಸಿ ಖಾಲಿ ಕೈಯಲ್ಲಿ ಕೂತಿದ್ದೆ. ಆ ಕೋಣೆಯಿಂದ ರೇಡಿಯೋ ಧ್ವನಿ ಕೇಳಿಸುತ್ತಿತ್ತು, ನಗು ಕೇಳಿಸಲಿಲ್ಲ.

ಆಗಸ್ಟ್ ೧೦, ಗುರುವಾರ

"ನಾಲ್ಕು ಚಮಚಕ್ಕೇ ಬಾಯಿಗೆ ಬೀಗ ಹಾಕ್ತಾಳೆ ಟೈಲರಮ್ಮ. ನಿಮಗೆ ಹೆಂಗೆ ತಿಂತಿದ್ಲು?" ರೇಡಿಯೋ ಚಹಾದ ಹೊತ್ತಿನಲ್ಲಿ ಕೇಳಿದಳು.

ಹೇಳಬಹುದಿತ್ತು. ಬಾಯಿಯ ತುದಿಗೆ ಬಂದಿತ್ತು. "ನಿಧಾನವಾಗಿ ತಿನ್ನಿಸಿ, ಅಭ್ಯಾಸ ಆಗುತ್ತೆ" ಎಂದುಬಿಟ್ಟೆ.

ಮಧ್ಯಾಹ್ನ ರೇಡಿಯೋ ಬಟ್ಟೆ ಒಣಹಾಕಲು ಮೇಲೆ ಹೋಗುತ್ತಾಳೆ. ಆಗ ನಾನು ಒಂದು ಬಟ್ಟಲು ಗಂಜಿಗೆ ಬಾಳೆಹಣ್ಣು ಕಿವುಚಿಕೊಂಡು ದೊರೆಸಾನಿಯ ಹತ್ತಿರ ಹೋದೆ. ನನ್ನ ಹೆಜ್ಜೆ ಸದ್ದಿಗೇ ಅವಳ ಕಾಲು ಕುಣಿಯಲು ಶುರುವಾಯಿತು. ಧ್ವನಿ ತಗ್ಗಿಸಿ ಅತ್ತಿಗೆಯನ್ನು ಬೈದೆ. ಪೂರ್ತಿ ತಿಂದಳು. ಮಗು ಉಪವಾಸ ಇರುವುದನ್ನು ನೋಡಿಕೊಂಡು ಸುಮ್ಮನಿರಲೇ? ನಿಯಮ ಮಾಡಿದವರ ಹೊಟ್ಟೆ ತುಂಬಿರುತ್ತದೆ.

ಆಗಸ್ಟ್ ೧೬, ಬುಧವಾರ

ದಿನಾ ಹೋಗುತ್ತಿದ್ದೇನೆ. ರೇಡಿಯೋ ಉಣಿಸಿದರೆ ಈಗ ನಾಲ್ಕು ಚಮಚವೂ ಇಲ್ಲ. ಆದರೂ ಮಗು ಸೊರಗಿಲ್ಲ. "ಗಾಳಿ ತಿಂದು ಬದುಕೋ ಮಗು ಇದೇ ಮೊದಲು ನೋಡಿದ್ದು ನಾನು" ಎಂದು ಅವಳು ಎಲ್ಲರ ಮುಂದೆ ಹೇಳಿ ನಗುತ್ತಾಳೆ. ಆಮೇಲೆ ಒಬ್ಬಳೇ ಇದ್ದಾಗ ನನ್ನ ಹತ್ತಿರ ಬಂದು, "ನನ್ನ ಕೈಯಲ್ಲೇ ಏನೋ ದೋಷ ಇರಬೇಕು" ಎಂದಳು. ಮುಖ ಸಣ್ಣದಾಗಿತ್ತು.

ನನಗೆ ಒಳಗೊಳಗೇ ಖುಷಿಯಾಯಿತು. ಬರೆಯಲು ನಾಚಿಕೆ, ಆದರೂ ಆದದ್ದು ಹೌದು. ನಾನು ಇಲ್ಲದೆ ಊಟ ಸೇರದ ಜೀವ ಒಂದು ಈ ಭೂಮಿಯ ಮೇಲಿದೆ.

ಆಗಸ್ಟ್ ೧೯, ಶನಿವಾರ

ಅಣ್ಣ ಬಂದ! ಅತ್ತಿಗೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಾಳೆ. "ಸ್ವಲ್ಪ ದಿನ ಬಂದುಹೋಗು, ನಿನ್ನ ಬಿಟ್ರೆ ನನಗ್ಯಾರಿದ್ದಾರೆ" ಎಂದ. ಈ ಮಾತು ಕೇಳಲು ಎಷ್ಟು ದಿನ ಕಾದಿದ್ದೆ. ದೊಡ್ಡ ಸಿಸ್ಟರ್ ರಜೆ ಕೊಟ್ಟರು. ಸೀರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದೆ. ಯಾರಿಗೆ ಗೊತ್ತು, ಅಲ್ಲೇ ಉಳಿಯಬೇಕಾಗಬಹುದು.

ದೊರೆಸಾನಿಗೆ ಹೇಳಿ ಬಂದೆ. ಅತ್ತಿಗೆ ಬಿದ್ದಳು ಎಂದಾಗ ಗುಳುಗುಳು ನಕ್ಕಳು, ಕಿರಾತಕಿ.

ಆಗಸ್ಟ್ ೨೪, ಗುರುವಾರ

ಅಣ್ಣನ ಮನೆ. ಅತ್ತಿಗೆಗೆ ನಾನೇ ಉಣಿಸುತ್ತಿದ್ದೇನೆ. ಇವತ್ತು ಗೊತ್ತಿಲ್ಲದೆ ಅವಳ ಗಲ್ಲ ಹಿಡಿದು ಕೆಳಕ್ಕೆ ಒತ್ತಿ, ಚಮಚ ನಾಲಿಗೆ ಮೇಲಿಟ್ಟು ಕಾಯುತ್ತಾ ಕೂತುಬಿಟ್ಟೆ. "ಏನ್ರೀ ಇದು, ನಾನೇನು ಕೂಸಾ?" ಎಂದು ನಕ್ಕಳು. ನನಗೂ ನಗು ಬಂತು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಇದೇ ಮೊದಲಿರಬೇಕು. ಲೋಟ ಬೇರೆ ಇಡುತ್ತಿದ್ದದ್ದು, ನಾನು ಬಿಸಿನೀರು ಕುಡಿಯುತ್ತೇನೆಂದು ಪಕ್ಕಕ್ಕೆ ತೆಗೆದಿಡುತ್ತಿದ್ದದ್ದಂತೆ. ಇರಬಹುದು, ಇಲ್ಲದಿರಬಹುದು.

ಮಧ್ಯಾಹ್ನವಾದರೆ ಕೈಗೆ ಏನೋ ಮರೆತ ಹಾಗಾಗುತ್ತದೆ.

ಆಗಸ್ಟ್ ೨೯, ಮಂಗಳವಾರ

ರೇಡಿಯೋ ಫೋನ್ ಮಾಡಿದ್ದಳು. ಅವಳ ಬಾಯಲ್ಲಿ ಮಾತು ತಡವರಿಸಿದ್ದನ್ನು ಮೊದಲ ಸಲ ಕೇಳಿದೆ. "ಟೈಲರಮ್ಮ, ದೊರೆಸಾನಿನ ಆಸ್ಪತ್ರೆಗೆ ಸೇರಿಸಿದ್ದಾರೆ. ನೀವು ಹೋದಾಗಿಂದ ಒಂದೆರಡು ಗುಟುಕು ನೀರು ಬಿಟ್ರೆ ಬಾಯೇ ತೆಗೀಲಿಲ್ಲ. ಬಾಗಿಲು ನೋಡ್ತಾ ಮಲಗಿರ್ತಿದ್ಲು. ನಾಲಿಗೆ ಒಣಗಿಹೋಗಿದೆ ಕಣ್ರೀ. ನಾನೇನು ಪಾಪ ಮಾಡಿದ್ದೆ ಅಂತ..." ಅಳುತ್ತಿದ್ದಳು.

ಅಣ್ಣ, "ಇನ್ನೆರಡು ದಿನ ಇದ್ದು ಹೋಗೆ" ಎಂದ. ಅತ್ತಿಗೆಯೂ ಎಂದಳು. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.

ದೇವರೇ, ಅವಳನ್ನು ಕರೆದುಕೊಳ್ಳಬೇಡ. ಬೇಕಾದರೆ ನನ್ನನ್ನು ಕರೆದುಕೋ.

ಆಗಸ್ಟ್ ೩೦, ಬುಧವಾರ

ನೋಡಿದೆ. ಮೂಗಿಗೆ ಕೊಳವೆ, ಕೈಗೆ ಸೂಜಿ. ಕಣ್ಣು ನನ್ನ ಮೇಲೆ ಬಿತ್ತು, ಆದರೆ ಕಾಲು ಕುಣಿಯಲಿಲ್ಲ.

ಸೆಪ್ಟೆಂಬರ್ ೨, ಶನಿವಾರ

ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ ಡಾಕ್ಟರು. ಆದರೆ ಕೊಳವೆ ಹೆಚ್ಚು ದಿನ ಮೂಗಿನಲ್ಲಿರಬಾರದಂತೆ. ತಿಂಗಳೊಳಗೆ ಬಾಯಿಂದ ತಿನ್ನದಿದ್ದರೆ ಹೊಟ್ಟೆಗೆ ತೂತು ಮಾಡಿ ಅಲ್ಲೇ ಕೊಳವೆ ಹಾಕುತ್ತಾರೆ. ಇಷ್ಟು ಬಡಕಲು ಮೈ ಆ ಆಪರೇಷನ್ ತಡೆದುಕೊಳ್ಳುತ್ತದೆಂದು ಅವರಿಗೂ ಧೈರ್ಯವಿಲ್ಲ.

ದೊಡ್ಡ ಸಿಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಬಾಳೆಹಣ್ಣಿನ ಗಂಜಿ, ಮಧ್ಯಾಹ್ನದ ಕಳ್ಳತನ, ಬೈಗುಳ, ಎಲ್ಲ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು.

"ನಾನು ಚಿಕ್ಕ ವಯಸ್ಸಿನ ಸಿಸ್ಟರ್ ಆಗಿದ್ದಾಗ, ಇದೇ ಮನೆಯಲ್ಲಿ, ಒಬ್ಬ ಹುಡುಗ ನನ್ನ ಕೈಯಲ್ಲಿ ಮಾತ್ರ ಉಣ್ತಿದ್ದ," ಎಂದರು. "ನನಗೂ ಎಷ್ಟು ಹೆಮ್ಮೆ ಅಂತೀರಿ. ಆಮೇಲೆ ನನ್ನ ಬೇರೆ ಊರಿನ ಮನೆಗೆ ಕಳಿಸಿದ್ರು. ಅವನು ಉಳೀಲಿಲ್ಲ. ಕೈಬದಲು ಆಮೇಲೆ ಬಂದದ್ದು, ಟೈಲರಮ್ಮ."

ಕೂತಲ್ಲೇ ಕೂತಿದ್ದೆ. ಅವರೇ ನೀರು ತಂದುಕೊಟ್ಟರು.

ಸೆಪ್ಟೆಂಬರ್ ೧೨, ಮಂಗಳವಾರ

ದೊರೆಸಾನಿ ಮನೆಗೆ ಬಂದಿದ್ದಾಳೆ, ಮೂಗಿನ ಕೊಳವೆಯ ಸಮೇತ. ಈ ಸಲದ ಕೈಬದಲಿನಲ್ಲಿ ಸಿಸ್ಟರ್ ಅವಳನ್ನು ಯಾರಿಗೂ ಕೊಡದೆ ಬಿಟ್ಟಿದ್ದರು. "ಈಗ ಅವಳು ಬಾಯಿ ತೆಗೆಯೋದಿದ್ದರೆ ಅದು ನಿಮಗೇ. ತೆಗೆಸಿ. ಆದರೆ ಆಮೇಲೆ ಬೇರೆ ಕೈಗೆ ದಾಟಿಸೋದೂ ನಿಮ್ಮ ಕೆಲಸವೇ" ಎಂದರು.

ಬೈಯಲು ಕೂತೆ. ಅತ್ತಿಗೆಯ ಮೇಲೆ ಸಿಟ್ಟೇ ಬರುವುದಿಲ್ಲ, ಏನು ಮಾಡಲಿ! ಕೊನೆಗೆ ಬಸ್ಸಿನ ಕಂಡಕ್ಟರನ್ನು ಹಿಡಿದೆ, ಸೀಟು ಕೊಡಿಸದೆ ನಿಲ್ಲಿಸಿದ್ದನಲ್ಲ, ಅವನನ್ನು ಏಳು ಜನ್ಮಕ್ಕಾಗುವಷ್ಟು ಬೈದೆ. ತುಟಿ ಅಲುಗಿತು. ಎರಡು ಚಮಚ. ಎರಡೇ ಎರಡು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸೆಪ್ಟೆಂಬರ್ ೧೯, ಮಂಗಳವಾರ

ಅರ್ಧ ಬಟ್ಟಲು. ಕಂಡಕ್ಟರ್ ಆದ ಮೇಲೆ ಫ್ಯಾಕ್ಟರಿಯ ಸೂಪರ್‌ವೈಸರು, ಅವನಾದ ಮೇಲೆ ಸತ್ತುಹೋದ ನನ್ನ ಗಂಡ. ಹೇಳದೆ ಕೇಳದೆ ಹೊರಟುಹೋದೆಯಲ್ಲ ಮಹಾರಾಯ, ನಿನಗೇನು ಅವಸರವಿತ್ತು ಎಂದು ಕೇಳಿದೆ. ದೊರೆಸಾನಿ ಗಂಭೀರವಾಗಿ ಕೇಳಿಕೊಂಡು ನುಂಗಿದಳು.

ಇವತ್ತು ರೇಡಿಯೋಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಗುಳದ ಗುಟ್ಟು ಹೇಳಿದೆ. ಚಮಚ ಕೊಟ್ಟೆ. ಅವಳು ಗಂಟಲು ಸರಿಮಾಡಿಕೊಂಡು, "ಥೂ, ಆ ಟೈಲರಮ್ಮನ ಅತ್ತಿಗೆ ಇದ್ದಾಳಲ್ಲ, ಘಟವಾಣಿ!" ಎಂದು ನಾಟಕದವರ ಹಾಗೆ ಕೂಗಿದಳು. ದೊರೆಸಾನಿ ಮುಖ ಆ ಕಡೆ ತಿರುಗಿಸಿದಳು.

"ನಿಜವಾದ ಸಿಟ್ಟು ಬರಬೇಕು" ಎಂದೆ.

"ಅಲ್ರೀ, ಯಾರ ಮೇಲೂ ನನಗೆ ಸಿಟ್ಟಿಲ್ಲ. ಬರಲ್ಲ ಅಂದ್ರೆ ಎಲ್ಲಿಂದ ತರ್ಲಿ?"

ಹೌದು, ಅವಳು ಅಂಥವಳೇ. ಬಾಯಿ ದೊಡ್ಡದು, ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ಮಗು ಬಾಯಿ ಮುಚ್ಚಿದ್ದು ತನ್ನ ಕೈಯ ದೋಷ ಎಂದೇ ಇನ್ನೂ ನಂಬಿದ್ದಾಳೆ. ಸಿಸ್ಟರ್ ಅವಳಿಗೆ ಏನೂ ಹೇಳಿಲ್ಲ.

ಸೆಪ್ಟೆಂಬರ್ ೨೨, ಶುಕ್ರವಾರ

ಹೇಳಿಬಿಟ್ಟೆ. ಮೇಲೆ ಬಟ್ಟೆ ಒಣಹಾಕುವಾಗ, ಇಬ್ಬರ ನಡುವೆ ಒದ್ದೆ ಹಾಸಿಗೆ ಬಟ್ಟೆ ಇತ್ತು, ಮುಖ ಕಾಣುತ್ತಿರಲಿಲ್ಲ. "ನೀವು ಇಲ್ಲಿಗೆ ಬಂದಾಗೆಲ್ಲ ನಾನು ಕೆಳಗೆ ಅವಳಿಗೆ ತಿನ್ನಿಸ್ತಿದ್ದೆ. ಅದಕ್ಕೇ ನಿಮ್ಮ ಹತ್ತಿರ ತಿಂತಿರಲಿಲ್ಲ. ನಿಮ್ಮ ಕೈಯಲ್ಲಿ ಯಾವ ದೋಷವೂ ಇಲ್ಲ."

ಅವಳು ಬಟ್ಟೆ ಸರಿಸಿದಳು. "ನಾನು ಆಸ್ಪತ್ರೆ ಬಾಗಿಲಲ್ಲಿ ಎದೆ ಬಡ್ಕೊಂಡು ಅತ್ತೆ. ನನ್ನಿಂದ ಒಂದು ಮಗು ಸಾಯ್ತಿದೆ ಅಂತ ಅತ್ತೆ. ನಿಮಗೆ ಎಲ್ಲಾ ಗೊತ್ತಿತ್ತಾ?"

ಗೊತ್ತಿತ್ತು ಎಂದೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಇಳಿದು ಹೋದಳು.

ಸೆಪ್ಟೆಂಬರ್ ೨೬, ಮಂಗಳವಾರ

ರೇಡಿಯೋ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಚಹಾಕ್ಕೆ ಹೋದರೆ ಎದ್ದು ಹೋಗುತ್ತಾಳೆ. ನಾನು ಬೆಂಚಿನ ಮೇಲೆ ಒಬ್ಬಳೇ ಕುಡಿಯುತ್ತೇನೆ. ಅಡುಗೆಯವಳೂ ಈಗ ಹೂಂ, ಉಹೂಂ ಅಷ್ಟೇ. ಸುದ್ದಿ ಎಲ್ಲರಿಗೂ ಮುಟ್ಟಿರಬೇಕು, ಮುಟ್ಟದೆ ಇರುತ್ತದೆಯೇ. ತಪ್ಪು ಅವರದಲ್ಲ. ಆದರೂ ಇಡೀ ದಿನ ಯಾರೂ ನನ್ನನ್ನು ಹೆಸರು ಹಿಡಿದು ಕರೆಯದಿದ್ದರೆ ಸಂಜೆ ಹೊತ್ತಿಗೆ ನಾನು ಇದ್ದೇನೋ ಇಲ್ಲವೋ ಎನಿಸುತ್ತದೆ.

ದೊರೆಸಾನಿಯ ಮೂಗಿನ ಕೊಳವೆ ತೆಗೆದರು. ಪೂರ್ತಿ ಬಟ್ಟಲು ತಿಂದಳು, ನನ್ನ ಕೈಯಲ್ಲಿ.

ಅಕ್ಟೋಬರ್ ೧, ಭಾನುವಾರ

ಕೈಬದಲು. ಸಿಸ್ಟರ್ ದೊರೆಸಾನಿಯನ್ನು ಯಾರಿಗೆ ಕೊಡುವುದೆಂದು ನನ್ನನ್ನೇ ಕೇಳಿದರು. ರೇಡಿಯೋಗೆ ಎಂದೆ. ರೇಡಿಯೋ ನನ್ನ ಮುಖ ನೋಡಲಿಲ್ಲ, ಮಗುವನ್ನು ಎತ್ತಿಕೊಂಡು ಹೋದಳು. ಅವಳ ಹೆಗಲ ಮೇಲಿಂದ ದೊರೆಸಾನಿ ನನ್ನನ್ನೇ ನೋಡುತ್ತಿದ್ದಳು. ನಾನು ತಿರುಗಿ ನಿಂತೆ.

ಮಧ್ಯಾಹ್ನ ಎರಡು ಚಮಚವಂತೆ. ಸಂಜೆ ಏನೂ ಇಲ್ಲವಂತೆ. ಅಡುಗೆಯವಳು ಗೋಡೆಗೆ ಹೇಳಿದ ಹಾಗೆ ನನಗೆ ಹೇಳಿದಳು.

ಅಣ್ಣನ ಫೋನ್ ಬಂದಿತ್ತು. ಅತ್ತಿಗೆ ಕೈ ಕೂಡಿಕೊಂಡಿದೆ, ಬಂದು ನಮ್ಮ ಜೊತೆಗೇ ಇರು, ಅವಳೇ ಹೇಳುತ್ತಿದ್ದಾಳೆ ಎಂದ. ಈಗ ಇಲ್ಲಿ ಆಗುವುದಿಲ್ಲ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟೆ.

ಅಕ್ಟೋಬರ್ ೩, ಮಂಗಳವಾರ

ಮೂರು ಚಮಚ. ಮಧ್ಯಾಹ್ನ ರೇಡಿಯೋ ಬಟ್ಟೆ ಒಣಹಾಕಲು ಹೋದಾಗ ನನ್ನ ಕಾಲು ತಾನಾಗಿಯೇ ಎದ್ದು ನಿಂತಿತು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಕ್ಟೋಬರ್ ೫, ಗುರುವಾರ

ನನ್ನ ಪಾಲಿನ ಹೊಸ ಮಗುವಿಗೆ ಗಂಜಿ ತೆಗೆದುಕೊಂಡು ವರಾಂಡದಲ್ಲಿ ಹೋಗುತ್ತಿದ್ದೆ. ಕಿಟಕಿ ತೆರೆದಿತ್ತು. ಒಳಗೆ ರೇಡಿಯೋ ಧ್ವನಿ, ನಾಟಕದ ಧ್ವನಿಯಲ್ಲ. ನಡುಗುತ್ತಿತ್ತು.

"ಆ ಟೈಲರಮ್ಮ ಇದ್ದಾಳಲ್ಲ, ನನ್ನ ಪಕ್ಕದಲ್ಲೇ ಕೂತು ಚಹಾ ಕುಡೀತಿದ್ಲು ಕಣೇ! ನಾನು ಅವಳಿಗೆ ಜಾಗ ಹಿಡಿದಿಡ್ತಿದ್ದೆ! ಮೇಲೆ ಬೆಲ್ಲ, ಹೊಟ್ಟೇಲಿ ಕತ್ತರಿ! ನನ್ನ ಹೊಟ್ಟೆ ಹೆಂಗೆ ಉರೀತಿದೆ ಗೊತ್ತಾ ನಿನಗೆ?"

ಗುಳುಗುಳು ಎಂದಿತು. ನಗು. ಆಮೇಲೆ ಚಮಚ ಬಟ್ಟಲಿಗೆ ತಾಗಿದ ಸದ್ದು.

ನನ್ನ ನೆರಳು ಕಿಟಕಿಗೆ ಬಿದ್ದರೂ ದೊರೆಸಾನಿ ಊಟ ಬಿಟ್ಟು ಈ ಕಡೆ ತಿರುಗಿಬಿಡುತ್ತಾಳೆ. ಅಲ್ಲೇ ಗೋಡೆಯ ಬುಡದಲ್ಲಿ ಕುಳಿತುಬಿಟ್ಟೆ. ಮೊಣಕಾಲ ಮೇಲೆ ಬಿಸಿ ಗಂಜಿ. ಒಳಗೆ ರೇಡಿಯೋ ನಿಲ್ಲಿಸಲಿಲ್ಲ. ನಾನು ಕಳ್ಳಿ, ನಾನು ನಂಬಿಕೆದ್ರೋಹಿ, ನನ್ನಂಥವಳನ್ನು ಯಾವ ಮನೆಯವರು ತಾನೇ ಇಟ್ಟುಕೊಂಡಾರು. ಒಂದೊಂದು ಮಾತಿಗೂ ಒಂದೊಂದು ಚಮಚ ಒಳಗೆ ಹೋಗುತ್ತಿತ್ತು. ನನಗೆ ಅಳು ಬರುತ್ತಿತ್ತು, ಸಂತೋಷವೂ ಆಗುತ್ತಿತ್ತು, ಯಾವುದು ಯಾವುದೆಂದು ಹೇಳಲಾರೆ.

ಒಂದು ಸಲ ಅವಳ ಮಾತು ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಳೋ, ಸಿಟ್ಟು ಇಳಿಯಿತೋ. ಕುಳಿತಲ್ಲೇ ಕಣ್ಣು ಮುಚ್ಚಿ, ಬಟ್ಟಲು ಮುಗಿಯುವವರೆಗೂ ಅವಳು ನನ್ನನ್ನು ಕ್ಷಮಿಸದಿರಲಿ ದೇವರೇ ಎಂದು ಕೇಳಿಕೊಂಡೆ. ಅವಳು ಮತ್ತೆ ಬೈಯತೊಡಗಿದಳು.